ಬಾಗಿಲಿಗೆ ಇಪ್ಪತ್ತು ಕಾಳು

ಹಳೇ ಮಿಷನ್ನಿನಲ್ಲಿ ಒಂದು ಬಾಗಿಲು ತೆರೆಯಲು
ಇಪ್ಪತ್ತು ಕಾಳು ಹಿಡಿಯುತ್ತಿತ್ತು.
ಲೆಕ್ಕ ನನ್ನದಲ್ಲ, ಮುನಿಲಕ್ಷ್ಮತ್ತೆಯದು.

ಧನುರ್ಮಾಸ. ಬೇಸಿನ್ನಿನಲ್ಲಿ ನೆನೆದ ಅವರೆ.
ನಾನು ಕುದುರೆ ಇಳಿದು ಯಾವುದೋ ಕೋಟೆಯ ಕದ ಮುಟ್ಟುತ್ತೇನೆ,
ಪರದೆ ಕಪ್ಪಾಗುತ್ತದೆ,
ಮೂಲೆಯಲ್ಲೊಂದು ಚಕ್ರ ಸುಮ್ಮನೆ ಸುತ್ತುತ್ತದೆ.
ಅಷ್ಟು ಹೊತ್ತು ನಾನೂ ನೆಲಕ್ಕಿಳಿದು ಹಿತುಕುವುದು.
ಗುಂಡಿ ಒತ್ತಿದ ಹೆಬ್ಬೆರಳೇ ಕಾಳಿಗೂ.
ಸಿಪ್ಪೆ ಬೆರಳಲ್ಲಿ, ಬೇಳೆ ಪುಸಕ್ಕನೆ ತಟ್ಟೆಗೆ,
ಕೆಲವು ಟೀವಿಯ ಮುಖಕ್ಕೆ.
ಇಪ್ಪತ್ತನೆಯದಕ್ಕೆ ಅತ್ತೆ ತಲೆಯೆತ್ತಿ
"ಊರೊಚ್ಚಿಂದಾ ನಾರೆಪ್ಪಾ?" ಅನ್ನುವಳು.
ಊರು ಬಂದಿರುತ್ತಿತ್ತು.

ರಾತ್ರಿ ನನ್ನದು ಟೊಮೆಟೊ ಗಾಡಿ.
ಚಿಂತಾಮಣಿ ಮಂಡಿಯಲ್ಲಿ ಕ್ರೇಟು ಏರಿಸಿಕೊಂಡು
ಮುಳಬಾಗಿಲು, ನಂಗಲಿ ದಾಟಿ ಕೋಯಂಬೇಡಿಗೆ.
ಗೆಳೆಯರು ನಗುತ್ತಾರೆ:
ರಸ್ತೆ ಸವೆಸಿ ಬಂದವನು ಮನೆಯಲ್ಲಿ ಮತ್ತೆ ಕುದುರೆ ಹತ್ತುತ್ತಾನಲ್ಲ!
ಆ ದಾರಿಗೆ ಟೋಲಿಲ್ಲ ಕಣ್ರೋ,
"ಎಲ್ಲಿದ್ದೀಯ" ಅನ್ನುವ ಮಂಡಿಯವರ ಫೋನಿಲ್ಲ.
ಹದಿನೈದು ವರ್ಷ ಹಳೇ ಆಟ.
ಮೊದಲ ದಿನ ರಾಜ ಕೊಟ್ಟ ಅವಸರದ ಓಲೆ
ನಾಲ್ಕು ವರ್ಷದಿಂದ ನನ್ನ ಚೀಲದಲ್ಲೇ ಇದೆ.
ಯುದ್ಧ ನನಗಾಗಿ ಕಾಯುತ್ತಿದೆ. ಕಾಯಲಿ.

ಪರದೆಯ ಮೇಲೆ ಲೋಡಿಂಗ್ ಅಂತ ಬಂದರೆ
ಅತ್ತೆ ಕೇಳುವಳು, "ಎಷ್ಟು ಕ್ರೇಟು?"

ಈ ಸಲ ರೇಟು ಏರಿ ಬಾಡಿಗೆ ಕೈಗೆ ನಿಂತಿತು.
ಬಸ್ ಸ್ಟ್ಯಾಂಡ್ ಹಿಂದೆ ವಾಜಿದ್‌ನ ಅಂಗಡಿಗೆ ಹಳೇದು ಕೊಟ್ಟು
ಮೇಲೆ ಹದಿಮೂರು ಸಾವಿರ ಕೊಟ್ಟು ಹೊಸದು ತಂದೆ.
ಹೊಸದೆಂದರೆ ಇನ್ಯಾರದೋ ಹಳೇದು.
ನನ್ನ ನಾಲ್ಕು ವರ್ಷವನ್ನು ಪೆನ್‌ಡ್ರೈವಿಗೆ ತುಂಬಿ ವಾಜಿದ್ ಅಂದ,
"ಹನ್ನೊಂದು ಎಂಬಿ ಅಣ್ಣ.
ಒಂದು ಮದುವೆ ಫೋಟೊದಷ್ಟೂ ಇಲ್ಲ."

ಆ ಸಂಜೆ ಹಾಕಿದರೆ, ಮಂಜಿಲ್ಲ.
ಕುದುರೆ ಗುಡ್ಡದ ನೆತ್ತಿಯಲ್ಲಿ ನಿಂತಿತ್ತು, ಬಿಟ್ಟಲ್ಲೇ.
ಕೆಳಗೆ ಎಲ್ಲವೂ ಕಾಣುತ್ತಿತ್ತು, ಎಲ್ಲವೂ.
ನಾನು ಹೊರಟ ಹಳ್ಳಿ,
ಮೂರು ರಾತ್ರಿ ಅಲೆದು ಮುಟ್ಟಿದ ಹಿಮದ ಕೋಟೆ,
ಎರಡರ ನಡುವೆ ಒಂದು ಗಿಡ್ಡ ದಿಬ್ಬ.
ದಾರಿ ತಪ್ಪಿ ದಡ ಹುಡುಕಿದ ಸಮುದ್ರ
ನಮ್ಮ ಕನ್ನಂಪಲ್ಲಿ ಕೆರೆಗಿಂತ ಚಿಕ್ಕದು.
"ಅದು ಮಂಜಲ್ಲ ಅಣ್ಣ," ಫೋನಿನಲ್ಲಿ ವಾಜಿದ್,
"ದೂರದ್ದು ಬಿಡಿಸಲು ಆಗದ ಮಿಷನ್ನು
ಮಾನ ಉಳಿಸಿಕೊಳ್ಳಲು ಹೊದ್ದ ದುಪ್ಪಟಿ."

ನಂಗಲಿ ಹತ್ತಿರ ಬೆಳಗಿನ ಜಾವ ಕಾವಳ ಬಿದ್ದಾಗ
ಹೆಡ್‌ಲೈಟಿನಾಚೆ ಏನೂ ಇಲ್ಲ,
ಏನು ಬೇಕಾದರೂ ಇರಬಹುದು.
ಅಂಥ ಹೊತ್ತಲ್ಲಿ ನಾನು ಹಾಡಿಕೊಂಡು ಓಡಿಸುತ್ತೇನೆ.
ಇದನ್ನು ವಾಜಿದ್‌ಗೆ ಹೇಳಲಿಲ್ಲ.

ಮತ್ತೆ ಬಾಗಿಲುಗಳು!
ಹೆಬ್ಬೆರಳು ಸಿಪ್ಪೆಗೆ ತಾಗುವ ಮುಂಚೆ ಕೋಟೆಯ ಒಳಗಿರುತ್ತೇನೆ.
"ಆಗಲೇ?" ಅಂದಳು ಅತ್ತೆ, ಮೊದಲ ದಿನ.
ಎರಡನೇ ದಿನ ಏನೂ ಅನ್ನಲಿಲ್ಲ.
ಬೇಸಿನ್ನು ಒಬ್ಬಳೇ ಮುಗಿಸಿದಳು.

ಆಗ ಹೊಳೆಯಿತು,
ಅವಳ ಮಾತೆಲ್ಲ ಇಪ್ಪತ್ತು ಕಾಳಿನ ಅಳತೆಯವು.
ಮುಗಿಯದ್ದು ಮುಂದಿನ ಬಾಗಿಲಿಗೆ.
ಶಿಡ್ಲಘಟ್ಟದಲ್ಲಿ ನೂಲು ತೆಗೆಯುತ್ತಿದ್ದಾಗ
ಮೈಮೇಲೆ ಕೈ ಹಾಕಿದ ಮೇಸ್ತ್ರಿಗೆ
ಗೂಡು ಬೇಯುವ ನೀರು ಮೊಗೆದ ಕಥೆ,
ಚೊಂಬು ಎತ್ತಿದಲ್ಲಿಗೆ ನಿಂತು ಹತ್ತು ದಿನ.
ಹತ್ತು ದಿನದಿಂದ ಆ ನೀರು ಗಾಳಿಯಲ್ಲಿದೆ.

ಇವತ್ತು ಕದದ ಮುಂದೆ ಆಟ ನಿಲ್ಲಿಸಿದೆ.
ಚಾಪೆಗಿಳಿದು, ಪರದೆಗೆ ಬೆನ್ನು ಹಾಕಿ ಕೂತು
"ಲೋಡಿಂಗ್ ಅತ್ತೆ" ಅಂದೆ.
ಪರದೆ ಕಪ್ಪಾಗಿರಲಿಲ್ಲ.
ನನ್ನ ಬೆನ್ನ ಹಿಂದೆ, ಝಗಝಗ ಬೆಳಕಲ್ಲಿ,
ನಿಂತ ಕುದುರೆ ನಿಂತಂತೇ ಇತ್ತು.
ಅತ್ತೆ ಕುದುರೆಯನ್ನು ನೋಡಿದಳು. ನನ್ನನ್ನು ನೋಡಿದಳು.
ಬೇಸಿನ್ನನ್ನು ನನ್ನ ಕಡೆ ಅರ್ಧ ದೂಡಿ
"ಎಷ್ಟು ಕ್ರೇಟು?" ಅಂದಳು.

ತುಂಬಾ ಅತ್ತೆ, ಅಂದೆ. ಹಮಾಲರೂ ಬಂದಿಲ್ಲ.

"ಸರಿ," ಅಂದಳು, ಒಂದು ಕಾಳು ಹಿತುಕಿ,
"ಮೇಸ್ತ್ರಿ ಹಿಂಗೆ ತಿರುಗಿದ ನೋಡು..."