ಎಷ್ಟು ಹಲ್ಲು

ಕಿಸುಮುವಿನ ಬಸ್ ನಿಲ್ದಾಣದೆದುರು
ಹಣ ಕಳಿಸುವ ಹಸಿರು ಗೂಡಂಗಡಿ ನನ್ನದು.
ನಂಬರು ಬರೆದುಕೊಳ್ಳುವುದಷ್ಟೇ ಕೆಲಸ,
ಯಾಕೆ, ಯಾರಿಗೆ, ಕೇಳಬಾರದು.

ಅವೂರ್ ಬಂದಳು, ಮೀನು ಮಾರಿದ ಕೈ ಒರೆಸುತ್ತ.
ನಡುವಿನ ಬಟ್ಟೆಯ ಗಂಟಲ್ಲಿ ಮುದುರಿದ ನೋಟು.
ವೀಸಾ ವಕೀಲರಿಗಂತೆ.
ಮಾರ್ಚಿನಲ್ಲೊಮ್ಮೆ ಕಳಿಸಿದ್ದಳು, ಅರ್ಜಿ ಶುಲ್ಕವೆಂದು.
ಎಡಿನ್‌ಬರೋದಲ್ಲಿ ಮನೆ, ಅವಳಿಗೇ ಬೇರೆ ಕೋಣೆ,
ಸಂಬಳ ಕೇಳಿದರೆ ತಲೆ ತಿರುಗಬೇಕು;
ಮುಖ ನೋಡದೆ, ಒಂದು ಮಾತೂ ಆಡದೆ
ಕೆಲಸ ನಿನಗೇ ಎಂದಿದ್ದರು.

"ನೋಡು, ನಾನು ಆಡಿಸೋ ಕೂಸು,"
ಫೋನು ಚಾಚಿದಳು. "ಮೊನ್ನೆ ಭಾನುವಾರದ್ದು."
ದಿಂಬಿಗೆ ಒರಗಿಸಿದ ಬೋಳುಬಾಯಿ, ಹಳದಿ ಟೋಪಿ.
ಚೆಂದ ಇದೆ ಅಂದೆ.
ಬೆರಳು ಸರಿಸಿ ಮಾರ್ಚಿನದನ್ನೂ ತೋರಿಸಿದಳು.
ಅಲ್ಲೂ ದಿಂಬು. ಅಲ್ಲೂ ಬೋಳುಬಾಯಿ.

ಆಮೇಲೆ ಸುಮ್ಮನಾದಳು.
ತಂಗಿಯ ಮೂರು, ಅಕ್ಕನ ಎರಡು
ಬೆನ್ನಿಗೆ ಕಟ್ಟಿ ಸಾಕಿದವಳು.
ಆರು ತಿಂಗಳೆಂದರೆ
ಕೂಸು ಅಂಬೆಗಾಲಿಟ್ಟು ಒಲೆಯತನಕ ಬಂದಿರುತ್ತೆ,
ಸೌಟು ಎಳೆದಿರುತ್ತೆ, ಬೆರಳು ಕಚ್ಚಿರುತ್ತೆ.
"ಇದ್ಯಾಕೆ ಒರಗಿಸಿದಲ್ಲೇ ಇದೆ?"
ಕೇಳಿದ್ದು ನನ್ನನ್ನಲ್ಲ.

ಮೆಸೇಜು ಹಾಕಿದಳು: ಮಗುವಿಗೆ ಹಲ್ಲು ಬಂತಾ?
ಥಟ್ಟನೆ ಉತ್ತರ:
ಐದು ಗಂಟೆಯೊಳಗೆ ಹಣ, ಇಲ್ಲವೇ ಬೇರೆಯವಳು.

ನೋಟು ಮತ್ತೆ ಗಂಟಿಗೆ ಹೋಯಿತು.
ಮಾರ್ಚಿನದು? ಹೋದದ್ದು ಹೋಯಿತು;
ಅದನ್ನು ಒತ್ತಿ ಕಳಿಸಿದ ಬೆರಳು ನನ್ನದೇ.

ರಾತ್ರಿ ಪುಸ್ತಕ ತಿರುವಿದೆ.
ಅದೇ ನಂಬರಿನ ಮುಂದೆ
ಇನ್ನೂ ಹನ್ನೊಂದು ಹೆಸರು, ನನ್ನ ಕೈಬರಹದಲ್ಲಿ.
ನಾಳೆಯಿಂದ ಕೇಳುತ್ತೇನೆ, ಬೈದರೆ ಬೈಯಲಿ:
ಯಾರಿಗಮ್ಮ ಇದು?
ಅವರ ಮಗುವಿಗೆ ಈಗ ಎಷ್ಟು ಹಲ್ಲು?