ರಸೀದಿ ಇಲ್ಲದ ಖರ್ಚು

ಭದ್ರಮ್ಮ ಸರ್ಕಲ್ಲಿನಿಂದ ಎರಡನೇ ಕ್ರಾಸು.
ಒಂದು ಜೆರಾಕ್ಸ್ ಮೆಷೀನು, ಒಂದು ಕಂಪ್ಯೂಟರು,
ಒಂದು ಸ್ಟೂಲು, ನಾನು.
ಪಹಣಿ, ಬಾಡಿಗೆ ಕರಾರು, ಗಂಡು ನೋಡಲು ಹುಡುಗಿಯ ಬಯೋಡೇಟಾ,
ಕೈಲಾಸ ಸಮಾರಾಧನೆಯ ಕಾರ್ಡು.
ಹದಿನೇಳು ವರ್ಷದಲ್ಲಿ ನಾನು ಟೈಪು ಮಾಡದ ಸುಖದುಃಖ ಇಲ್ಲ
ಅಂದುಕೊಂಡಿದ್ದೆ.

ಸುಲಾಫಾ ಬಂದದ್ದು ಏಳೂವರೆಗೆ,
ಷಟರ್ ಅರ್ಧ ಎಳೆದ ಮೇಲೆ.
ಊರು ಓಮ್ದುರ್ಮಾನ್, ನೈಲ್ ನದಿಯ ದಡವಂತೆ.
ತುಮಕೂರಿಗೆ ಫಾರ್ಮಸಿ ಓದಲು ಬಂದವಳು.
ಮೂರನೇ ಸೆಮಿಸ್ಟರಿನಲ್ಲಿ ಅಲ್ಲಿ ಯುದ್ಧ ಹತ್ತಿಕೊಂಡಿತು.
ಮೊದಲು ಫೀಸು ಬರುವುದು ನಿಂತಿತು,
ಆಮೇಲೆ ಫೋನು.
ಈಗ ಇರುವುದು ಒಂದು ನಿರಾಶ್ರಿತರ ಕಾರ್ಡು,
ಗಾಜು ಸೀಳಿದ ಮೊಬೈಲು,
ಅದರೊಳಗೆ ಅರ್ಧ ಸಿನಿಮಾ.

"ರಾತ್ರಿ ಹನ್ನೆರಡಕ್ಕೆ ಕಡೇ ಟೈಮು ಅಕ್ಕಾ," ಅಂದಳು
ಆಟೋದವರಿಂದ ಕಲಿತ ಕನ್ನಡದಲ್ಲಿ.
ನೆಲೆ ತಪ್ಪಿದ ಸಿನಿಮಾದವರಿಗೆ
ಯಾವುದೋ ದೇಶದ ಸಂಸ್ಥೆ ಹಣ ಕೊಡುತ್ತದಂತೆ.
ನೆಲೆಗೇ ಕಾಸಿಲ್ಲ, ಸಿನಿಮಾಕ್ಕೆ ಕೊಡ್ತಾರಾ?
ಬಾಯಿಬಿಟ್ಟು ಕೇಳಲಿಲ್ಲ. ಮುಖ ಕೇಳಿರಬೇಕು.
"ಅನ್ನ ಕೊಡ್ತಾರೆ ಅಕ್ಕಾ, ಮಠದಲ್ಲೂ ಕೊಟ್ಟರು.
ಏನು ನೋಡಿದೆ ಅಂತ ಯಾರೂ ಕೇಳಲ್ಲ."

ಹೆಸರು. ಹುಟ್ಟಿದ ದಿನ. ಕಾಯಂ ವಿಳಾಸ.
ಅಲ್ಲಿ ಕರ್ಸರು ಮಿಣಕ್ ಮಿಣಕ್ ಅಂತ ನಿಂತೇ ಇತ್ತು.
ಬೀದಿಯ ಹೆಸರು ಹೇಳಿದಳು,
ಬಾಗಿಲ ಬಣ್ಣ ಹೇಳಿದಳು, ಹಸಿರು.
"ಮನೆ ಇದೆಯಾ?"
"ಬಾಗಿಲು ಇದೆ. ಯಾರೋ ಫೋಟೊ ಕಳಿಸಿದ್ದರು."
ಬೀದಿ ಟೈಪು ಮಾಡಿದೆ. ಬಾಗಿಲಿಗೆ ಜಾಗವಿರಲಿಲ್ಲ.

ಬಜೆಟ್ಟು. ಕ್ಯಾಮೆರಾ ಬಾಡಿಗೆ, ಎಡಿಟಿಂಗು,
ಧ್ವನಿಗೆ ಇಷ್ಟು, ಸಬ್‌ಟೈಟಲಿಗೆ ಇಷ್ಟು.
ಕಡೆಯ ಸಾಲು: ಅಂಗಳ ಅಗೆಯುವವನಿಗೆ, ಮುನ್ನೂರು ಡಾಲರು.

ಅಣ್ಣ ಮುಂತಾಸಿರ್ ಮದುವೆ ವಿಡಿಯೊ ತೆಗೆಯುತ್ತಿದ್ದವನು.
ಗುಂಡು ಹತ್ತಿರ ಬಂದಾಗ
ಇಡೀ ಬೀದಿಯ ಮದುವೆಗಳನ್ನು ಒಂದು ಹಾರ್ಡ್ ಡಿಸ್ಕಿಗೆ ತುಂಬಿ,
ಹಾಲುಪುಡಿ ಡಬ್ಬಿಗೆ ಹಾಕಿ,
ಬೇವಿನ ಬುಡದಲ್ಲಿ ಹೂತ.
ಅಮ್ಮ ಗಡಿ ದಾಟಿದಳು, ಅವನು ದಾಟಲಿಲ್ಲ.
"ಬೇವು? ನಿಮ್ಮಲ್ಲೂ?"
"ನೀಮ್ ಅಂತೀವಿ. ನಿಮ್ಮ ಕಡೆಯಿಂದಲೇ ಬಂದಿದ್ದಂತೆ."

ಅಗೆದು, ಚೆಕ್‌ಪೋಸ್ಟು ತಪ್ಪಿಸಿ
ಕೈರೋ ತನಕ ಮುಟ್ಟಿಸುವವನು ಒಬ್ಬನಿದ್ದಾನೆ.
ಹೆಸರು ಹೇಳುವಂತಿಲ್ಲ. ಜಿಎಸ್‌ಟಿ ನಂಬರು ಮೊದಲೇ ಇಲ್ಲ.
ಫಾರ್ಮು ಕೇಳುತ್ತದೆ:
ಪ್ರತಿ ಖರ್ಚಿಗೂ ರಸೀದಿ ಒದಗಿಸಬಲ್ಲಿರಾ?

ಬಿಲ್ಲು ಮಾಡುವುದು ನನಗೆ ಎಡಗೈ ಕೆಲಸ.
ಕಂಟ್ರಾಕ್ಟರಿಗೆ ಮಾಡಿಕೊಟ್ಟಿದ್ದೇನೆ,
ಗಣೇಶನ ಕಮಿಟಿಗೆ, ಎಂದೂ ಕಟ್ಟದ ಶಾಮಿಯಾನಕ್ಕೆ.
ಸುಳ್ಳು ಹೇಳಬಾರದು, ಅದರಿಂದಲೇ ಈ ಸ್ಟೂಲು ಬಂದದ್ದು.
"ಸಾಗಾಣಿಕೆ ವೆಚ್ಚ ಅಂತ ಹಾಕ್ತೀನಿ ಬಿಡಮ್ಮ,
ಲೆಟರ್‌ಹೆಡ್ಡು ನಾನೇ ಮಾಡ್ತೀನಿ."

ಅವಳು ಬೇಡವೆಂದು ತಲೆ ಆಡಿಸಿದಳು.
"ಆ ಬೀದಿಯಲ್ಲಿ ಯಾರೂ ಇರಲಿಲ್ಲ ಅಂತ
ಅವರು ಆಗಲೇ ಬರೆದಾಗಿದೆ ಅಕ್ಕಾ.
ಇದ್ದರು, ಕುಣಿದರು, ಮದುವೆ ಮಾಡಿಕೊಂಡರು
ಅಂತ ತೋರಿಸಬೇಕು ನಾನು.
ಅದಕ್ಕೆ ಸುಳ್ಳು ಬಿಲ್ಲು ಯಾಕೆ?
ರಸೀದಿ ಇಲ್ಲ ಅಂತಲೇ ಹಾಕಿ."

ಹಾಕಿದೆ.
ಮೂರೇ ಪದ. ಎರಡು ಸಲ ತಪ್ಪು ಹೊಡೆದೆ.

ಹನ್ನೊಂದು ಮುಕ್ಕಾಲಿಗೆ ಕರೆಂಟು ಹೋಯಿತು.
ಯುಪಿಎಸ್ಸು ಕೀ ಕೀ ಅನ್ನತೊಡಗಿತು.
ಕೊನೆಯ ಪುಟ: ಅರ್ಜಿದಾರರನ್ನು ಬಲ್ಲ ಒಬ್ಬರು.
ಕಾಲೇಜಿನ ಮೇಷ್ಟ್ರು ಫೋನು ಎತ್ತಲಿಲ್ಲ,
ಆ ಹೊತ್ತಿಗೆ ಯಾರು ಎತ್ತುತ್ತಾರೆ.
ಹೊನ್ನಗಂಗಮ್ಮ ಟಿ. ಆರ್. ಅಂತ ಬರೆದೆ,
ನನ್ನ ಹೆಸರು ನಾನೇ ಟೈಪು ಮಾಡಿ ಎಷ್ಟು ಕಾಲವಾಗಿತ್ತೋ.

ಎಷ್ಟು ಸಮಯದಿಂದ ಬಲ್ಲಿರಿ?
ನಾಲ್ಕು ಗಂಟೆ ಇಪ್ಪತ್ತು ನಿಮಿಷ.

ಹೇಗೆ ಬಲ್ಲಿರಿ?
ಈ ಖಾನೆಯಲ್ಲಿ ಬೇಕಾದಷ್ಟು ಜಾಗವಿತ್ತು.
ಬರೆದೆ:
ಅವರ ಮನೆ ಬಾಗಿಲು ಹಸಿರು.