ಪುಟ ತಿರುಗಿಸುವವಳು

ರೀಗಾ ನಗರದ ಹಳೆಯ ಬೀರ್ ಭಟ್ಟಿಯಲ್ಲಿ
ಈಗ ನಲವತ್ತು ಕುರ್ಚಿ, ಒಂದು ಪಿಯಾನೋ.
ಅದರ ಎಡಮಗ್ಗುಲಿಗೆ, ಬೆಳಕು ಮುಟ್ಟದ ಕಡೆ,
ನನ್ನದೊಂದು ಸ್ಟೂಲು.

ಕರಿ ಅಂಗಿ, ಸದ್ದಿಲ್ಲದ ಚಪ್ಪಲಿ. ಬಳೆ ಕೂಡದು.
ವಿಜ್ಮಾ ಗದ್ದ ಇಷ್ಟೇ ಇಷ್ಟು ಆಡಿಸಿದರೆ
ಎದ್ದು, ಮೇಲಿನ ಮೂಲೆ ಹಿಡಿದು, ಮಗುಚಿ, ಕೂರಬೇಕು.
ಚಪ್ಪಾಳೆಯಲ್ಲಿ ನನಗೆ ಪಾಲಿಲ್ಲ;
ತಪ್ಪಿದರೆ ಮಾತ್ರ ಅದು ಪೂರ್ತಿ ನನ್ನದೇ.

ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು,
ಅಲ್ಪವಿರಾಮದ ಬಾಲ ಮುರಿದಿದ್ದರೂ ಕಣ್ಣಿಗೆ ಚುಚ್ಚುತ್ತದೆ.
ಮೊದಲ ದಿನವೇ ಕೇಳಿದೆ:
"ಹನ್ನೊಂದನೇ ಪುಟದಲ್ಲಿ ಅಚ್ಚು ಬಿಟ್ಟುಹೋಗಿದೆ.
ಐದೈದು ಗೆರೆ ಇವೆ, ಸ್ವರವೇ ಇಲ್ಲ."
ಗುಂಡಾರ್ಸ್ ನಕ್ಕ. ಡಬಲ್ ಬಾಸಿನ ಹೆಗಲ ಮೇಲೆ ಕೈ ಹಾಕಿ
ಸಂತೆಗೆ ಎತ್ತು ತಂದವನ ಹಾಗೆ ನಿಂತಿರುತ್ತಾನೆ ಅವನು.
"ಬಿಟ್ಟುಹೋದದ್ದಲ್ಲ ಅಕ್ಕಾ, ಬಿಟ್ಟದ್ದು."

ಅವನು ಬಂದದ್ದು ರಾತ್ರಿ ಹಡಗಿನ ಜಾಜ್ ಮೇಳದಿಂದ,
ನೆಲ ಓಲಿದ ಕಡೆಗೇ ತಾಳ ಅಲ್ಲಿ.
ಸ್ಕೈದ್ರೀತೆ ಅಂಥವಳಲ್ಲ. ವಿಯೋಲಾ ಹಿಡಿದಂದಿನಿಂದ
ಬರೆಯದ ಸ್ವರವೊಂದನ್ನು ಮುಟ್ಟಿದವಳಲ್ಲ.
ತಾಲೀಮಿನಲ್ಲಿ ಆ ಪುಟ ಬಂದಾಗಲೆಲ್ಲ
ಕಮಾನಿಗೆ ರಾಳ ತಿಕ್ಕುತ್ತ ಕೂತುಬಿಡುತ್ತಿದ್ದಳು,
ಲೆಕ್ಕ ತಪ್ಪಿದ ಗುಮಾಸ್ತ ಕನ್ನಡಕ ಒರೆಸಿದಂತೆ.

ಕಚೇರಿಯ ರಾತ್ರಿ ಮೊದಲ ಹತ್ತು ಪುಟ
ಹೆಣ್ಣು ನೋಡಲು ಬಂದವರ ಮರ್ಯಾದೆ:
ಒಬ್ಬರ ಮಾತು ಮುಗಿಯಲೆಂದು ಇನ್ನೊಬ್ಬರು ಕಾದು.
ವಿಜ್ಮಾಳ ಎಡಗೈ ಮಾತ್ರ, ಬೇಕೆಂದೇ,
ಅರ್ಧ ಮಾತ್ರೆ ತಡವಾಗಿ ಒಳಗೆ ಬರುತ್ತಿತ್ತು.

ಆಮೇಲೆ ಹನ್ನೊಂದು.

ಗುಂಡಾರ್ಸ್ ಬೆರಳಲ್ಲೇ ನಾಲ್ಕು ಹೆಜ್ಜೆ ಇಟ್ಟ.
ಆಂಸಿಸ್ ಕ್ಲಾರಿನೆಟ್ಟಿನಲ್ಲಿ ಬರೀ ಉಸಿರು ಊದಿದ.
ಸ್ಕೈದ್ರೀತೆಯ ಕೈ ರಾಳದ ಡಬ್ಬಿ ತಡಕಿತು.
ಡಬ್ಬಿ ನನ್ನ ಜೇಬಿನಲ್ಲಿತ್ತು.
ಹೇಗೆ ಬಂತು, ಕೇಳಬೇಡಿ.

ಗೋಡೆಯ ಬಿಸಿನೀರ ಕೊಳವೆ ಆಗಲೇ ಕೆಮ್ಮಿತು:
ಟಕ್. ಟಕ್ಟಕ್.
ಯಾರಿಗೋ ಕರೆ ಬಂತೆಂಬಂತೆ ಅವಳು ತಲೆಯೆತ್ತಿ
ಒಂದು ತಂತಿ ಮೀಟಿದಳು.
ಕೊಳವೆ ಮತ್ತೆ. ಅವಳೂ ಮತ್ತೆ.
ಆಮೇಲೆ ಕಮಾನು ಇಳಿಯಿತು.
ಚೆಂದವೇನಲ್ಲ; ಎಣ್ಣೆ ಕಾಣದ ಬಾಗಿಲು,
ಅದರ ಹಿಂದೆ ಇಷ್ಟು ವರ್ಷ ಕೂಡಿಟ್ಟ ಕೋಣೆ,
ಅಲ್ಲಿ ಯಾರೋ ನಗುತ್ತಿದ್ದರು, ಅಥವಾ ಅಳು,
ತಿದ್ದಲು ನನಗೆ ಗುರುತು ಗೊತ್ತಿಲ್ಲದ ಭಾಷೆ.

ನಾನು ಎದ್ದು ನಿಂತಿದ್ದೆ, ಕಾಗದದ ಮೂಲೆ ಬೆರಳಲ್ಲಿ ಬೆವೆತಿತ್ತು.
ಸ್ವರವಿಲ್ಲದ ಗೆರೆಯಲ್ಲಿ ಎಲ್ಲಿಗೆ ಬಂದೆವೆಂದು ಯಾವುದನ್ನು ನೋಡಿ ಹೇಳಲಿ?
ವಿಜ್ಮಾ ಕಣ್ಣು ಮುಚ್ಚಿದ್ದಳು. ಗದ್ದ ಅಲುಗಲಿಲ್ಲ.

ತಿರುಗಿಸಿಯೇಬಿಟ್ಟೆ.
ಕಾಗದ ಸರ್ರೆಂದಿತು, ಎಲ್ಲರಿಗೂ ಕೇಳುವಷ್ಟು.
ಗುಂಡಾರ್ಸ್ ಆ ಸದ್ದಿನ ಮೇಲೇ ಕಾಲಿಟ್ಟು
ಹನ್ನೆರಡಕ್ಕೆ ಇಳಿದ. ಉಳಿದವರೂ ಹಿಂದೆಯೇ.

ಕುರ್ಚಿ ಮಡಿಸುವಾಗ ಡಬ್ಬಿ ವಾಪಸು ಕೊಟ್ಟೆ.
"ನಡುವೆ ಒಂದು ಕಡೆ ತಪ್ಪಿದೆ, ಗೊತ್ತಾಯಿತಾ?" ಅಂದಳು.
ಗೊತ್ತಾಗದೆ ಏನು.
ಹೊಡೆದುಹಾಕಿದ ಪದ ಉಳಿಯಬೇಕಾದರೆ
ಅದರ ಅಡಿಗೆ ಚುಕ್ಕಿ ಇಡುತ್ತಿದ್ದೆವು ಅಚ್ಚುಕೂಟದಲ್ಲಿ:
ಇರಲಿ, ಎಂದರ್ಥ.

ಪೆನ್ಸಿಲು ತೆಗೆದು
ಹನ್ನೊಂದನೇ ಪುಟದ ಖಾಲಿ ಗೆರೆಗಳ ಕೆಳಗೆ
ಉದ್ದಕ್ಕೂ ಚುಕ್ಕಿ ಇಟ್ಟೆ.